ಓಟದ ನಡುವೆ ಒಳಮಾತು ಕೈಕೊಟ್ಟಾಗ: ದೋಷ ಪತ್ತೆ ಮತ್ತು ನಿವಾರಣೆ

ಓಡುವಾಗ ತಮಗೆ ತಾವೇ ಒಳ್ಳೆಯ ಮಾತು ಹೇಳಿಕೊಳ್ಳಬೇಕು ಎಂಬ ಸಲಹೆಯನ್ನು ಹೊಸದಾಗಿ ಓಟಕ್ಕೆ ಬಂದವರೆಲ್ಲರೂ ಯಾರಿಂದಲಾದರೂ ಕೇಳಿರುತ್ತಾರೆ. ಹಲವರು ಅದನ್ನು ಪ್ರಾಮಾಣಿಕವಾಗಿ ಪಾಲಿಸಿಯೂ ಇರುತ್ತಾರೆ. ಆದರೆ ಏಳನೆಯ ಕಿಲೋಮೀಟರಿನ ಹೊತ್ತಿಗೆ ಆ ಮಾತು ಯಾವ ಕೆಲಸಕ್ಕೂ ಬಾರದೆ, ಓಟ ನಡಿಗೆಯಾಗಿ, ಮನೆ ತಲುಪುವಷ್ಟರಲ್ಲಿ ತಮ್ಮ ಮನಸ್ಸೇ ದುರ್ಬಲವೆಂಬ ತೀರ್ಮಾನಕ್ಕೆ ಬಂದುಬಿಟ್ಟಿರುತ್ತಾರೆ. ಈ ಕೈಪಿಡಿಯನ್ನು ಅಂಥವರಿಗಾಗಿ ಬರೆದಿದ್ದೇನೆ. ಹೊಸ ಓಟಗಾರರ ಜೊತೆ ಓಡುತ್ತ, ಅವರು ಹೇಳಿಕೊಂಡದ್ದನ್ನು ಕೇಳುತ್ತ ನಾನು ಕಂಡುಕೊಂಡಿರುವುದು ಇಷ್ಟು: ಕೈಕೊಟ್ಟ ಒಳಮಾತನ್ನು ಬಿಚ್ಚಿ ನೋಡಿದರೆ, ಆ ಹೊತ್ತಿಗೋ ಆ ವೇಗಕ್ಕೋ ಆ ವ್ಯಕ್ತಿಯ ನಂಬಿಕೆಗೋ ಹೊಂದದ ಒಂದು ವಾಕ್ಯ ಅಲ್ಲಿರುತ್ತದೆ, ಮತ್ತು ವಾಕ್ಯವನ್ನು ತಿದ್ದಲು ಬರುತ್ತದೆ. ಉದಾಹರಣೆಗಳನ್ನೆಲ್ಲ ನಮ್ಮಲ್ಲಿ ಅತಿ ಹೆಚ್ಚು ಜನ ಗುರಿಯಾಗಿಟ್ಟುಕೊಳ್ಳುವ 10 ಕಿಲೋಮೀಟರ್ ಓಟದಿಂದಲೇ ತೆಗೆದುಕೊಂಡಿದ್ದೇನೆ.

ಒಳಮಾತು ಯಾವುದನ್ನು ಸರಿಪಡಿಸಬಲ್ಲದು

ದೋಷ ಹುಡುಕುವ ಮೊದಲು ಈ ಉಪಾಯ ಎಲ್ಲಿ ಕೆಲಸ ಮಾಡುತ್ತದೆ ಎಂಬುದು ಗೊತ್ತಿರಬೇಕು. ಓಟದ ಶ್ರಮವನ್ನು ಎರಡು ಬಗೆಯಲ್ಲಿ ಅಳೆಯಬಹುದು. ಹೃದಯ ಬಡಿತ, ಉಸಿರಾಟ, ಶ್ರಮ ಹೆಚ್ಚಿದಂತೆ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಎಂಬ ವಸ್ತು ಇವು ಯಂತ್ರಗಳಿಗೆ ಕಾಣುವ ಅಳತೆಗಳು. ಇನ್ನೊಂದು ಓಡುವವರಿಗೆ ಮಾತ್ರ ಗೊತ್ತಾಗುವ ಅಳತೆ, ಅಂದರೆ ಎಷ್ಟು ಕಷ್ಟವೆನಿಸುತ್ತಿದೆ ಎಂಬುದು. ಇದಕ್ಕಾಗಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಅವರು 6ರಿಂದ 20ರವರೆಗಿನ ಒಂದು ಮಾಪಕವನ್ನು ರೂಪಿಸಿದರು. ಅದರಲ್ಲಿ 6 ಎಂದರೆ ಶ್ರಮವೇ ಇಲ್ಲ, 11 ಹಗುರ, 13 ಸ್ವಲ್ಪ ಕಷ್ಟ, 17 ತುಂಬಾ ಕಷ್ಟ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. ಒಳಮಾತು ಮುಟ್ಟುವುದು ಈ ಎರಡನೆಯ ಅಳತೆಯನ್ನು. 2014ರಲ್ಲಿ ಪ್ರಕಟವಾದ, ಬ್ರಿಟನ್ನಿನ ಸಂಶೋಧಕರ ಒಂದು ಪ್ರಯೋಗದಲ್ಲಿ 24 ಜನರು ಇನ್ನು ಆಗದು ಎನ್ನುವವರೆಗೆ ಸೈಕಲ್ ತುಳಿದರು. ತಾವೇ ಆರಿಸಿಕೊಂಡ ಹುರಿದುಂಬಿಸುವ ಮಾತುಗಳನ್ನು ಅಭ್ಯಾಸ ಮಾಡಿ ಮರಳಿ ಬಂದ ಗುಂಪಿನವರು ಎರಡನೆಯ ಸಲ ಸರಾಸರಿ 18 ಶೇಕಡಾ ಹೆಚ್ಚು ಹೊತ್ತು ತುಳಿದರು, ಮತ್ತು ನಡುಘಟ್ಟದಲ್ಲಿ ಅವರಿಗೆ ಅನಿಸಿದ ಕಷ್ಟವೂ ಮೊದಲಿಗಿಂತ ಕಡಿಮೆಯಾಗಿತ್ತು. ಮಾತು ಕಲಿಯದ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಇದರಿಂದ ತಪಾಸಣೆಯ ಕ್ರಮ ತಾನಾಗಿಯೇ ನಿರ್ಧಾರವಾಗುತ್ತದೆ. ದೋಷ ಯಂತ್ರಕ್ಕೆ ಕಾಣುವ ಕಡೆ ಇದ್ದರೆ ಮಾತನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಆದ್ದರಿಂದ ಮೊದಲು ಆ ಕಡೆಯನ್ನು ನೋಡಿ ಮುಗಿಸಬೇಕು.

ಮೊದಲ ತಪಾಸಣೆ: ದೋಷ ಮಾತಿನದ್ದೇ ಹೌದೇ?

ಅತಿ ಸಾಮಾನ್ಯವಾದ ಕಾರಣ ಆರಂಭದ ವೇಗ. 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಓಟದಂಥ ದೊಡ್ಡ ಸ್ಪರ್ಧೆಯಲ್ಲಿ ಸಾವಿರಾರು ಜನ ಒಟ್ಟಿಗೆ ಹೊರಟಾಗ, ಮೊದಲ ಎರಡು ಕಿಲೋಮೀಟರುಗಳನ್ನು ತಮ್ಮ ಅಭ್ಯಾಸದ ವೇಗದಲ್ಲೇ ಓಡುವವರು ವಿರಳ. ಆಗ ಮಾಡಿದ ಸಾಲವನ್ನು ದೇಹ ಆರನೆಯ ಕಿಲೋಮೀಟರಿನ ಸುಮಾರಿಗೆ ವಸೂಲಿ ಮಾಡುತ್ತದೆ, ಅದೇ ಹೊತ್ತಿನಲ್ಲಿ "ಇದು ನನ್ನ ಕೈಲಾಗದ ಕೆಲಸ" ಎಂಬ ಮಾತೂ ಎದ್ದು ನಿಲ್ಲುತ್ತದೆ. ಪರೀಕ್ಷಿಸುವುದು ಸುಲಭ. ಮೂರನೆಯ ಕಿಲೋಮೀಟರಿನಲ್ಲಿ ಪಕ್ಕದವರಿಗೆ ಒಂದು ಪೂರ್ಣ ವಾಕ್ಯವನ್ನು ತಡೆಯದೆ ಹೇಳಲು ಪ್ರಯತ್ನಿಸಿ. ಅಭ್ಯಾಸದ ಹಗುರ ಓಟದಲ್ಲೂ ಎರಡು ಪದಕ್ಕೊಮ್ಮೆ ಏದುಸಿರು ಅಡ್ಡ ಬಂದರೆ ಮಾತನ್ನು ಬಿಟ್ಟು ವೇಗವನ್ನು ಇಳಿಸಿ. ಒಂದೆರಡು ವಾರ ಆ ಇಳಿಸಿದ ವೇಗದಲ್ಲಿ ಓಡಿದ ಮೇಲೂ ಮನಸ್ಸು ಅದೇ ಜಾಗದಲ್ಲಿ ಕುಸಿಯುತ್ತಿದ್ದರೆ ಮಾತ್ರ ಮುಂದಿನ ಭಾಗಕ್ಕೆ ಹೋಗಿ.

ಬಿಸಿಲು ಮತ್ತು ತೇವ ಎರಡನೆಯ ಕಾರಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮುಂಜಾವಿನಲ್ಲಿ ಅಭ್ಯಾಸ ಮಾಡಿದವರು ಮಂಗಳೂರಿನಲ್ಲೋ ಉಡುಪಿಯಲ್ಲೋ ಅದೇ ವೇಗಕ್ಕೆ ಇಳಿದರೆ, ಬೆವರು ಆರದ ಆ ಗಾಳಿಯಲ್ಲಿ ಅದೇ ಓಟ ಹೆಚ್ಚು ಕಷ್ಟವೆನಿಸುವುದು ಸಹಜ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. 2017ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 8 ನಿಮಿಷಕ್ಕೆ ಸೋಲುತ್ತಿದ್ದ ಸೈಕಲ್ ಸವಾರರು ಒಳಮಾತಿನ ತರಬೇತಿಯ ನಂತರ 11 ನಿಮಿಷ ದಾಟಿದರು. ಇದು ಉಪಾಯದ ಶಕ್ತಿಯನ್ನು ತೋರಿಸುವಂತೆಯೇ ಅದರ ಅಪಾಯವನ್ನೂ ತೋರಿಸುತ್ತದೆ, ಏಕೆಂದರೆ ಬಿಸಿಯಲ್ಲಿ ಹೆಚ್ಚು ಹೊತ್ತು ದುಡಿದ ದೇಹ ಹೆಚ್ಚು ಕಾಯುತ್ತದೆ. ತಲೆಸುತ್ತು, ಮೈ ಚಳಿ, ಎದೆಯಲ್ಲಿ ನೋವು ಅಥವಾ ಬಿಗಿತ, ದಾರಿ ತಿಳಿಯದಂಥ ಗೊಂದಲ ಇವುಗಳಲ್ಲಿ ಯಾವುದು ಕಂಡರೂ ಒಳಮಾತಿನಿಂದ ಅದನ್ನು ಮೀರಲು ಹೋಗಕೂಡದು. ನಿಂತು, ನೆರಳು ಸೇರಿ, ಸಹಾಯ ಕೇಳಬೇಕು. ಕಾಲಿನ ಮೂಳೆಯ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸುವಂತೆ, ಓಡಿದಷ್ಟೂ ಹೆಚ್ಚುವ ನೋವಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮೂರನೆಯದನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕೆಳಗಿರುವ ಮಹಿಳೆಯೊಬ್ಬರು ಮೆಟ್ಟಿಲು ಹತ್ತುವಾಗಲೇ ದಣಿಯುತ್ತಿದ್ದರೆ, ಅವರಿಗೆ "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎನ್ನುವುದು ಹೊಗೆ ಕಾರುವ ಇಂಜಿನ್ನಿಗೆ ಬಣ್ಣ ಬಳಿದಂತೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಯೂ ಹಗುರ ಓಟ ಹಗುರವಾಗದಿದ್ದರೆ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಈ ಪರೀಕ್ಷೆಗೆ ಮುಂಚೆ ಯಾರೂ ಅವರ ಮನೋಬಲದ ಬಗ್ಗೆ ಮಾತನಾಡಕೂಡದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಿದ್ದೆ ಮತ್ತು ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಿದ ದಿನದ ದಾಖಲೆಯನ್ನು ಈ ತಪಾಸಣೆಯಲ್ಲಿ ಸೇರಿಸಿಕೊಳ್ಳಬೇಡಿ.

ದೋಷ ಇರುವ ಜಾಗವನ್ನು ಗುರುತಿಸುವುದು

ದೇಹದ ಕಡೆ ಎಲ್ಲವೂ ಸರಿಯಿದ್ದರೆ, ಮುಂದಿನ ನಾಲ್ಕೈದು ಓಟಗಳಲ್ಲಿ ಏನನ್ನೂ ತಿದ್ದಲು ಹೋಗದೆ ಕೇವಲ ಗಮನಿಸಿ. ಓಟ ಮುಗಿದು ಶೂ ಬಿಚ್ಚುವ ಮೊದಲೇ ಮೂರು ಸಂಗತಿಗಳನ್ನು ಫೋನಿನಲ್ಲೋ ನೋಟುಪುಸ್ತಕದಲ್ಲೋ ಬರೆದಿಡಿ: ಬಿಟ್ಟುಬಿಡೋಣ ಎಂದು ಎಲ್ಲಿ ಅನಿಸಿತು, ಆಗ ಮನಸ್ಸು ಆಡಿದ ಮಾತು ಯಾವುದು, ಆ ಗಳಿಗೆಯಲ್ಲಿ ಶ್ರಮ ಬೋರ್ಗ್ ಮಾಪಕದ ಎಷ್ಟನೆಯ ಅಂಕಿಯಲ್ಲಿತ್ತು. ಮಾತನ್ನು ಅದು ಬಂದ ರೂಪದಲ್ಲೇ ಬರೆಯಬೇಕು. "ನಕಾರಾತ್ಮಕ ಯೋಚನೆ ಬಂತು" ಎಂದು ಬರೆದರೆ ತಪಾಸಣೆಗೆ ಏನೂ ಸಿಗುವುದಿಲ್ಲ. "ಅಯ್ಯೋ, ಇನ್ನೂ ನಾಲ್ಕು ಕಿಲೋಮೀಟರ್ ಇದೆಯಾ", "ನನಗಿಂತ ದೊಡ್ಡವರೆಲ್ಲ ದಾಟಿ ಹೋದ್ರು", "ಯಾರಿಗೋಸ್ಕರ ಈ ಒದ್ದಾಟ", "ಸಾಕಪ್ಪಾ ಸಾಕು" ಎಂಬಂಥ ಮಾತುಗಳು ಹಾಗೆಯೇ ಪುಟದ ಮೇಲೆ ಬರಬೇಕು.

ಹೀಗೆ ಬರೆದದ್ದನ್ನು ಒಟ್ಟಿಗೆ ಇಟ್ಟು ಓದಿದಾಗ, ಅವು ಒಂದೇ ಬಗೆಯವಲ್ಲವೆಂಬುದು ತಕ್ಷಣ ಕಾಣುತ್ತದೆ. ಮೊದಲನೆಯದು ದೂರದ ಬಗ್ಗೆ ಇದೆ, ಎರಡನೆಯದು ಇತರರ ಬಗ್ಗೆ, ಮೂರನೆಯದು ಓಟದ ಉದ್ದೇಶದ ಬಗ್ಗೆ. ನಾಲ್ಕನೆಯದು ಬರಿಯ ದಣಿವಿನ ಉದ್ಗಾರ. ಎಲ್ಲಕ್ಕೂ "ನಾನು ಗೆಲ್ಲುತ್ತೇನೆ" ಎಂಬ ಒಂದೇ ಉತ್ತರವನ್ನು ಕೊಡುತ್ತಿದ್ದವರಿಗೆ ಅದು ಯಾಕೆ ನಾಟಲಿಲ್ಲ ಎಂಬುದು ಇಲ್ಲಿಯೇ ಅರ್ಥವಾಗತೊಡಗುತ್ತದೆ. ಜಾಗವೂ ಮುಖ್ಯ. ಮೊದಲ ಹತ್ತು ನಿಮಿಷದಲ್ಲೇ ಬರುವ ಬೇಸರ ಸಾಮಾನ್ಯವಾಗಿ ಮೈ ಬಿಸಿಯೇರುವ ಮುಂಚಿನದು. ಅದಕ್ಕೆ "ಹತ್ತು ನಿಮಿಷ ಆಗಲಿ, ಆಮೇಲೆ ನೋಡೋಣ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ನಿಜವಾದ ಕೆಲಸ ಇರುವುದು 10 ಕಿಲೋಮೀಟರಿನ ಆರರಿಂದ ಎಂಟರ ನಡುವೆ, ಅಂದರೆ ಆರಂಭದ ಉತ್ಸಾಹ ಮುಗಿದು ಅಂತ್ಯ ಇನ್ನೂ ಕಾಣದ ಭಾಗದಲ್ಲಿ.

ಲಕ್ಷಣ: ಹೇಳಿಕೊಂಡ ಮಾತು ಪೊಳ್ಳೆನಿಸುತ್ತದೆ

ನಾನು ಅತಿ ಹೆಚ್ಚು ಕಂಡಿರುವ ದೋಷ ಇದು, ಹಾಗಾಗಿ ಇದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಓಟಗಾರರು "ನಾನು ಬಲಶಾಲಿ", "ನನಗೆ ಯಾವುದೂ ಅಸಾಧ್ಯವಲ್ಲ" ಎಂದುಕೊಳ್ಳುತ್ತಾರೆ; ಕೂಡಲೇ ಒಳಗಿನಿಂದಲೇ ಇನ್ನೊಂದು ದನಿ "ಹೌದಾ? ಹಾಗಾದ್ರೆ ಕಾಲು ಯಾಕೆ ಬರ್ತಿಲ್ಲ?" ಎಂದು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರವಿಲ್ಲದೆ ಮೊದಲಿಗಿಂತ ಕೆಳಗಿನ ಸ್ಥಿತಿಗೆ ಬರುತ್ತಾರೆ. 2009ರಲ್ಲಿ ಪ್ರಕಟವಾದ ಕೆನಡಾದ ಮನೋವಿಜ್ಞಾನಿಗಳ ಒಂದು ಅಧ್ಯಯನ ಓಟಕ್ಕೆ ಸಂಬಂಧಿಸಿದ್ದಲ್ಲವಾದರೂ ಇಲ್ಲಿ ನೆನಪಿಗೆ ಬರುತ್ತದೆ. ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರು "ನಾನು ಪ್ರೀತಿಗೆ ಅರ್ಹ ವ್ಯಕ್ತಿ" ಎಂಬ ವಾಕ್ಯವನ್ನು ಪುನರುಚ್ಚರಿಸಿದ ಮೇಲೆ, ಅದನ್ನು ಹೇಳಿಕೊಳ್ಳದವರಿಗಿಂತಲೂ ಹೆಚ್ಚು ಕುಗ್ಗಿದ್ದರು. ಹೊಗಳಿಕೆ ನಂಬಿಕೆಯ ಅಂಚನ್ನು ದಾಟಿದರೆ ಮನಸ್ಸು ಅದನ್ನು ಪರೀಕ್ಷೆಗೆ ಒಡ್ಡುತ್ತದೆ, ಮತ್ತು ದಣಿದ ಹೊತ್ತಿನಲ್ಲಿ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗುವ ಹೊಗಳಿಕೆ ಬಹಳ ಕಡಿಮೆ.

ಪರಿಹಾರವಾಗಿ, ವಾಕ್ಯವನ್ನು ಎರಡು ರೀತಿಯಲ್ಲಿ ಬದಲಿಸಿ ನೋಡಬೇಕು. ಒಂದು, ಸಾಕ್ಷ್ಯವಿರುವ ಮಾತು. "ನಾನು ಬಲಶಾಲಿ" ಎಂಬುದರ ಬದಲು "ಕಳೆದ ಭಾನುವಾರ ಈ ಏರನ್ನು ನಿಲ್ಲದೆ ಹತ್ತಿದ್ದೇನೆ" ಎಂದುಕೊಂಡರೆ ಒಳಗಿನ ಆ ಎರಡನೆಯ ದನಿಗೆ ಕೇಳಲು ಏನೂ ಉಳಿಯುವುದಿಲ್ಲ, ಏಕೆಂದರೆ ಅದು ನಡೆದುಹೋದ ಸಂಗತಿ. ಅಭ್ಯಾಸದ ದಾಖಲೆಯನ್ನು ಬರೆದಿಡುವ ರೂಢಿಗೆ ಇದೊಂದು ಒಳ್ಳೆಯ ಕಾರಣವೂ ಹೌದು. ಹೇಳಿಕೊಳ್ಳಲು ನಿಜವಾದ ಮಾತುಗಳು ಅಲ್ಲಿಂದಲೇ ಸಿಗುತ್ತವೆ. ಎರಡು, ಕೆಲಸ ಹೇಳುವ ಮಾತು. "ಭುಜ ಸಡಿಲ", "ಹೆಜ್ಜೆ ಚಿಕ್ಕದು", "ನೋಟ ಮುಂದೆ", "ಉಸಿರು ಪೂರ್ತಿ ಬಿಡು" ಎಂಬಂಥ ಮಾತುಗಳಲ್ಲಿ ಸತ್ಯ ಸುಳ್ಳಿನ ಪ್ರಶ್ನೆಯೇ ಏಳುವುದಿಲ್ಲ. ಅವು ಆಜ್ಞೆಗಳು, ಕೂಡಲೇ ಪಾಲಿಸಬಹುದಾದಂಥವು. ಪಾಲಿಸಿದೊಡನೆ ದೇಹದಲ್ಲಿ ಏನೋ ಸಣ್ಣದಾಗಿ ಬದಲಾಗುತ್ತದೆ, ಮತ್ತು ಓಟದ ಮೇಲೆ ತನಗೆ ಇನ್ನೂ ಹಿಡಿತವಿದೆ ಎಂಬ ಅರಿವು ಆ ಸಣ್ಣ ಬದಲಾವಣೆಯಿಂದಲೇ ಬರುತ್ತದೆ. ಏರಿನಲ್ಲಿ, ಬಳಲಿಕೆ ಮೊದಲು ಭುಜಕ್ಕೂ ಮುಷ್ಟಿಗೂ ಏರುವವರಿಗೆ, ಕೆಲಸ ಹೇಳುವ ಮಾತು ಹೆಚ್ಚು ಒಗ್ಗುತ್ತದೆ. ಸಮತಟ್ಟಾದ ಉದ್ದ ರಸ್ತೆಯಲ್ಲಿ ಬೇಸರವೇ ಮುಖ್ಯ ತೊಂದರೆಯಾದವರಿಗೆ ಸಾಕ್ಷ್ಯದ ಮಾತು ಒಗ್ಗುತ್ತದೆ. ಎರಡನ್ನೂ ಬೇರೆ ಬೇರೆ ದಿನ ಪ್ರಯತ್ನಿಸಿ, ಬೋರ್ಗ್ ಅಂಕಿಯನ್ನು ಹೋಲಿಸಿ ನೋಡಿ.

ದೂರದ ಬಗ್ಗೆ ಬರುವ ದೂರಿಗೆ ಮಾತ್ರ ಇವೆರಡೂ ಸಾಲವು. "ಇನ್ನೂ ನಾಲ್ಕು ಕಿಲೋಮೀಟರ್" ಎಂಬುದು ಸುಳ್ಳಲ್ಲವಾದ್ದರಿಂದ ಅದನ್ನು ಅಲ್ಲಗಳೆಯಲಾಗದು, ಚಿಕ್ಕದು ಮಾಡಬಹುದು. "ಆ ಬೇವಿನ ಮರದವರೆಗೆ", "ಮುಂದಿನ ಬಸ್ ನಿಲ್ದಾಣದವರೆಗೆ", "ಕೆರೆಯ ತೂಬಿನವರೆಗೆ" ಎಂದು ಕಣ್ಣಿಗೆ ಕಾಣುವ ಒಂದು ಗುರುತನ್ನು ಹಿಡಿದು, ಅಲ್ಲಿ ತಲುಪಿದಾಗ "ಆಯ್ತು" ಎಂದು ಸ್ಪಷ್ಟವಾಗಿ ಹೇಳಿಕೊಂಡು, ನಂತರವೇ ಮುಂದಿನ ಗುರುತನ್ನು ಹಿಡಿಯಬೇಕು. ಆ "ಆಯ್ತು" ಎಂಬುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ನಾಲ್ಕು ಕಿಲೋಮೀಟರಿನ ಭಾರ ಮರಗಳ ಸಾಲಾಗಿ ಮತ್ತೆ ಬಂದು ಕೂರುತ್ತದೆ.

ಲಕ್ಷಣ: ಕೆಟ್ಟ ಯೋಚನೆಯನ್ನು ಓಡಿಸಲು ಹೋದಷ್ಟೂ ಅದು ಬೆಳೆಯುತ್ತದೆ

"ನಿಲ್ಲುವುದರ ಬಗ್ಗೆ ಯೋಚಿಸಬಾರದು" ಎಂದುಕೊಂಡು ಓಡುವವರ ಮನಸ್ಸಿನಲ್ಲಿ ನಿಲ್ಲುವುದೊಂದೇ ತುಂಬಿರುತ್ತದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದು ಮತ್ತೆ ಮತ್ತೆ ನೆನಪಾಯಿತು. ಯೋಚನೆ ಬಂತೇ ಇಲ್ಲವೇ ಎಂದು ಕಾವಲು ಕಾಯುವ ಕೆಲಸವೇ ಆ ಯೋಚನೆಯನ್ನು ಜೀವಂತವಾಗಿಡುತ್ತದೆ.

ಆದ್ದರಿಂದ ಬಂದ ಮಾತನ್ನು ಒಪ್ಪಿಕೊಂಡು, ಅದರ ಹಿಂದೆಯೇ ಇನ್ನೊಂದನ್ನು ಸೇರಿಸುವುದು ಸರಿಯಾದ ಕ್ರಮ. "ಕಾಲು ಭಾರವಾಗಿದೆ. ಸರಿ. ಹೆಜ್ಜೆ ಚಿಕ್ಕದು ಮಾಡು." ಈ ಜೋಡಣೆಯನ್ನು ಓಟದ ನಡುವೆ ಹೊಸದಾಗಿ ರಚಿಸಲಾಗದು, ಮನೆಯಲ್ಲೇ, ನೀವು ಬರೆದಿಟ್ಟ ದೂರುಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದಕ್ಕೂ "ಹೀಗೆ ಅನಿಸಿದರೆ ಹೀಗೆ ಹೇಳುತ್ತೇನೆ, ಹೀಗೆ ಮಾಡುತ್ತೇನೆ" ಎಂದು ಬರೆದುಕೊಳ್ಳಬೇಕು. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರು ದಶಕಗಳಿಂದ ಅಧ್ಯಯನ ಮಾಡಿರುವ ಈ ಬಗೆಯ ಮುನ್ಸಿದ್ಧತೆಯ ಲಾಭವೆಂದರೆ, ಆ ಗಳಿಗೆ ಬಂದಾಗ ಯೋಚಿಸಿ ನಿರ್ಧರಿಸುವ ಹೊರೆ ಇರುವುದಿಲ್ಲ. ಸಂದರ್ಭವೇ ಉತ್ತರವನ್ನು ಎಳೆದು ತರುತ್ತದೆ. ಇತರರು ದಾಟಿ ಹೋದಾಗ ಬರುವ ಮಾತಿಗೆ "ಅವರ ಓಟ ಅವರದು, ನನ್ನ ಉಸಿರು ಎಣಿಸುತ್ತೇನೆ" ಎಂಬುದು ಹಲವರಿಗೆ ಹೊಂದಿದೆ. "ಯಾರಿಗೋಸ್ಕರ ಈ ಒದ್ದಾಟ" ಎಂಬುದಕ್ಕೆ ಮಾತ್ರ ಉತ್ತರವನ್ನು ಬೇರೆಯವರಿಂದ ಎರವಲು ತರಲಾಗದು. ಸಕ್ಕರೆ ಕಾಯಿಲೆಯ ಮಾತ್ರೆ ಕಡಿಮೆಯಾಗಲಿ ಎಂದು ಓಡುವವರಿಗೂ, ದಿನದಲ್ಲಿ ಒಂದು ಗಂಟೆ ತನಗೆಂದೇ ಇರಲಿ ಎಂದು ಓಡುವ ಗೃಹಿಣಿಗೂ ಅದು ಬೇರೆ ಬೇರೆ, ಮತ್ತು ಅದನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಲು ಒಂದು ಸಂಜೆ ಪೂರ್ತಿ ಹಿಡಿದರೂ ಆ ಸಮಯ ವ್ಯರ್ಥವಲ್ಲ.

ಲಕ್ಷಣ: ಮಾತು ಉಸಿರಿಗೆ ಸಿಗುವುದಿಲ್ಲ

ಬರೆಯುವಾಗ ಚೆನ್ನಾಗಿದ್ದ ಉದ್ದ ವಾಕ್ಯ ಓಟದಲ್ಲಿ ಮುರಿಯುತ್ತದೆ. ಎರಡು ಹೆಜ್ಜೆಗೆ ಉಸಿರು ಎಳೆದು ಎರಡು ಹೆಜ್ಜೆಗೆ ಬಿಡುವ ಗತಿಯಲ್ಲಿ ಓಡುತ್ತಿರುವಾಗ, ಆ ನಾಲ್ಕು ಹೆಜ್ಜೆಗಳಲ್ಲಿ ಮುಗಿಯುವಷ್ಟೇ ಮಾತು ನಿಲ್ಲುತ್ತದೆ. "ಹಗುರ ಹಗುರ, ಒಂದೇ ಸಮ" ಎಂಬುದು ನಿಲ್ಲುತ್ತದೆ. "ನಾನು ಈ ಓಟವನ್ನು ಯಶಸ್ವಿಯಾಗಿ ಪೂರ್ಣಗೊಳಿಸುತ್ತೇನೆ" ಎಂಬುದು ನಿಲ್ಲುವುದಿಲ್ಲ. ಮನೆಯ ಅಂಗಳದಲ್ಲಿ ನಿಂತಲ್ಲೇ ಓಡುತ್ತ ಮೆಲುದನಿಯಲ್ಲಿ ಹೇಳಿ ನೋಡಿದರೆ ಸಾಕು, ಯಾವ ಪದ ಹೆಜ್ಜೆಗೆ ಅಡ್ಡ ಬರುತ್ತದೆ ಎಂಬುದು ತಿಳಿಯುತ್ತದೆ. ಗ್ರಂಥದ ಭಾಷೆಗಿಂತ ಮನೆಮಾತೇ ಇಲ್ಲಿ ಲೇಸು. ಮನೆಯಲ್ಲಿ ಕೊಂಕಣಿ, ತುಳು ಅಥವಾ ಉರ್ದು ಆಡುವವರು ಆ ಮಾತಿನಲ್ಲೇ ಹೇಳಿಕೊಳ್ಳಲಿ.

ಲಕ್ಷಣ: "ನಾನು" ಎಂದಾಗ ಮಾತಿಗೆ ಬಲವಿಲ್ಲ

2019ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ 16 ಪುರುಷರು 10 ಕಿಲೋಮೀಟರ್ ಸೈಕಲ್ ತುಳಿಯುವಾಗ ಒಮ್ಮೆ "ನಾನು" ಎಂದೂ ಇನ್ನೊಮ್ಮೆ "ನೀನು" ಎಂದೂ ತಮ್ಮೊಂದಿಗೆ ಮಾತನಾಡಿಕೊಂಡರು. "ನೀನು" ಎಂದುಕೊಂಡಾಗ ಅವರು ಹೆಚ್ಚು ವೇಗವಾಗಿ ಮುಗಿಸಿದರು, ಆದರೆ ಅನಿಸಿದ ಶ್ರಮ ಹೆಚ್ಚಲಿಲ್ಲ. ಅಧ್ಯಯನ ಚಿಕ್ಕದಾದ್ದರಿಂದ ಇದನ್ನು ನಿಯಮವೆಂದು ಹೇಳಲಾರೆ, ಆದರೆ ಪರೀಕ್ಷಿಸಲು ಖರ್ಚಿಲ್ಲದ ಬದಲಾವಣೆ ಇದು. ತನ್ನನ್ನು ಪ್ರೀತಿಯಿಂದ ಬೆಳೆಸಿದವರು ಕರೆಯುವ ರೀತಿಯಲ್ಲಿ ಕರೆದುಕೊಂಡರೆ ಇನ್ನೂ ಒಳ್ಳೆಯದು ಎಂಬುದು ನನ್ನ ಅನುಭವ. ಅಜ್ಜಿಯ "ಬಾ ಮಗಾ, ಇಷ್ಟೇ ಇರೋದು" ಎಂಬ ಮಾತನ್ನೋ, ಅಕ್ಕ ಕರೆಯುವ ಮುದ್ದಿನ ಹೆಸರನ್ನೋ ಎಂಟನೆಯ ಕಿಲೋಮೀಟರಿನಲ್ಲಿ ನೆನೆಸಿಕೊಂಡವರಿಗೆ ಅದು ಹೊರಗಿನಿಂದ ಬಂದ ಬೆಂಬಲದಂತೆ ಕೇಳಿಸುತ್ತದೆ.

ಇದೇ ಜಾಗದಲ್ಲಿ ಬೈದುಕೊಳ್ಳುವವರ ವಿಷಯವೂ ಬರುತ್ತದೆ. "ಥೂ ಸೋಮಾರಿ, ನಾಚಿಕೆ ಆಗಲ್ವಾ" ಎಂದು ತಮ್ಮನ್ನು ತಾವೇ ಬೈದುಕೊಂಡು ಓಡುವವರು ನಮ್ಮಲ್ಲಿ ಸಾಕಷ್ಟಿದ್ದಾರೆ, ಮತ್ತು ಅದರಿಂದ ವೇಗ ಬರುತ್ತದೆ ಎಂದೂ ವಾದಿಸುತ್ತಾರೆ. ಅವರ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಬೈಗುಳದಿಂದ ಆಟದ ಮಟ್ಟ ಕುಸಿಯುತ್ತದೆ ಎಂಬುದಕ್ಕೆ 2011ರ ಒಂದು ವ್ಯವಸ್ಥಿತ ಅಧ್ಯಯನ ಸಮೀಕ್ಷೆಯಲ್ಲಿ ಸ್ಪಷ್ಟ ಆಧಾರ ಸಿಗಲಿಲ್ಲ. ನನ್ನ ಆಕ್ಷೇಪ ಬೇರೆ ಕಡೆ ಇದೆ. ಬೈಸಿಕೊಂಡು ಓಡಿದವರು ಆ ದಿನದ ಓಟವನ್ನು ಮುಗಿಸಿದರೂ, ಮರುದಿನ ಬೆಳಿಗ್ಗೆ ಐದಕ್ಕೆ ಅಲಾರಾಂ ಹೊಡೆದಾಗ ಅವರಿಗೆ ನೆನಪಾಗುವುದು ಆ ಬೈಗುಳ. ತಿಂಗಳುಗಳ ಕಾಲ ಮುಂದುವರಿಯಬೇಕಾದ ಅಭ್ಯಾಸವನ್ನು ಯಾರೂ ಪ್ರತಿದಿನ ಬೈಸಿಕೊಳ್ಳುವ ಜಾಗದಲ್ಲಿ ಇರಿಸಿಕೊಳ್ಳಬಾರದು.

ಲಕ್ಷಣ: ಅಭ್ಯಾಸದಲ್ಲಿ ಸರಿ, ಸ್ಪರ್ಧೆಯಲ್ಲಿ ಮಾಯ

ಇದಕ್ಕೆ ಬಹುಪಾಲು ಒಂದೇ ಕಾರಣ: ಮಾತನ್ನು ಸುಲಭದ ಓಟಗಳಲ್ಲಿ ಮಾತ್ರ ಬಳಸಲಾಗಿದೆ. ಶ್ರಮ 12ರಲ್ಲಿದ್ದಾಗ ಯಾವ ಮಾತಾದರೂ ನೆನಪಿರುತ್ತದೆ. 17ಕ್ಕೆ ಏರಿದಾಗ ಚೆನ್ನಾಗಿ ರೂಢಿಯಾದದ್ದು ಮಾತ್ರ ಉಳಿಯುತ್ತದೆ. ಹಲವು ಕ್ರೀಡೆಗಳ 32 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಗ್ರೀಸಿನ ಸಂಶೋಧಕರು ಮಾಡಿದ ವಿಶ್ಲೇಷಣೆಯಲ್ಲಿಯೂ, ಮೊದಲು ತರಬೇತಿ ಕೊಟ್ಟು ಬಳಸಿದ ಒಳಮಾತಿನ ಪರಿಣಾಮ ತರಬೇತಿಯಿಲ್ಲದೆ ಬಳಸಿದ್ದಕ್ಕಿಂತ ಹೆಚ್ಚಾಗಿತ್ತು. ಹೀಗಾಗಿ ವಾರದ ಇಂಟರ್ವಲ್ ಅಭ್ಯಾಸದ (ವೇಗದ ಓಟ ಮತ್ತು ವಿಶ್ರಾಂತಿ ಸರದಿಯಲ್ಲಿ ಬರುವ ಅಭ್ಯಾಸದ) ಕೊನೆಯ ಎರಡು ಸುತ್ತುಗಳಲ್ಲಿ ಮತ್ತು ದೀರ್ಘ ಓಟದ ಕೊನೆಯ ಮೂರನೆಯ ಒಂದು ಭಾಗದಲ್ಲಿ, ಅಂದರೆ ನಿಜವಾಗಿಯೂ ಬೇಕಾಗುವ ಹೊತ್ತಿನಲ್ಲೇ ಅದನ್ನು ಹೇಳಿಕೊಳ್ಳಬೇಕು. ಎರಡರಿಂದ ಮೂರು ಮಾತುಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಇನ್ನೊಂದು ಕಾರಣ, ಸ್ಪರ್ಧೆಯ ದಾರಿ ಅಭ್ಯಾಸದ ದಾರಿಯಂತಿಲ್ಲದಿರುವುದು. ದಿನವೂ ಲಾಲ್‌ಬಾಗಿನ ನೆರಳಿನಲ್ಲಿ ಓಡುವವರು ಶ್ರೀರಂಗಪಟ್ಟಣದ ಬಳಿ ನಾಲೆಯ ದಂಡೆಯಲ್ಲಿ ನಡೆಯುವ ಕಾವೇರಿ ಟ್ರೇಲ್ ಓಟಕ್ಕೆ ಹೋದರೆ, ಹಿಂದಿರುಗುವ ಹಾದಿಯಲ್ಲಿ ಬಿಸಿಲು ಏರಿರುತ್ತದೆ, ಹಿಡಿದುಕೊಳ್ಳಲು ಬಸ್ ನಿಲ್ದಾಣವಾಗಲಿ ಅಂಗಡಿಯ ಫಲಕವಾಗಲಿ ಇರುವುದಿಲ್ಲ. ಅಂಥ ಕಡೆ ಕಣ್ಣಿನ ಗುರುತುಗಳ ಬದಲು ನಿಮಿಷಗಳನ್ನೋ ಉಸಿರಿನ ಎಣಿಕೆಯನ್ನೋ ಆಧರಿಸಿದ ಮಾತನ್ನು ಮೊದಲೇ ಸಿದ್ಧಮಾಡಿಕೊಳ್ಳಬೇಕು. ದಾರಿಯ ನಕ್ಷೆಯನ್ನು ನೋಡಿ, ಏರು ಎಲ್ಲಿದೆ, ತಿರುವು ಎಲ್ಲಿದೆ, ಯಾವ ಮಾತು ಎಲ್ಲಿಗೆ ಎಂದು ಹಿಂದಿನ ದಿನವೇ ಗೊತ್ತುಮಾಡಿಕೊಂಡವರಿಗೆ ಗದ್ದಲದ ನಡುವೆ ಅದು ತಪ್ಪಿಹೋಗುವುದು ಕಡಿಮೆ.

ಮಾತೇ ಹೊರಡದ ಗಳಿಗೆಯಲ್ಲಿ ಮುಖವನ್ನು ಸಡಿಲಿಸುವುದೂ ಒಂದು ಉಪಾಯ. ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್‌ಚೋಗೆ ಕಠಿಣ ಘಟ್ಟಗಳಲ್ಲಿ ನಗುವುದನ್ನು ನೋಡುಗರೆಲ್ಲ ಬಲ್ಲರು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಅವರು ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಕ್ರಮಿಸಿದರು. ಉತ್ತರ ಐರ್ಲೆಂಡಿನ ಸಂಶೋಧಕರು 24 ಓಟಗಾರರ ಮೇಲೆ ನಡೆಸಿದ ಪ್ರಯೋಗದಲ್ಲಿ, ಮುಖ ಗಂಟಿಕ್ಕಿ ಓಡಿದಾಗಿನದಕ್ಕಿಂತ ನಗುತ್ತ ಓಡಿದಾಗ ಅದೇ ವೇಗಕ್ಕೆ ಬೇಕಾದ ಆಮ್ಲಜನಕ ಎರಡರಿಂದ ಮೂರು ಶೇಕಡಾ ಕಡಿಮೆಯಾಗಿತ್ತು.

ಲಕ್ಷಣ: ಬಹಳ ದೂರದ ಓಟದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ

ಇದು ದೋಷವಲ್ಲದಿರಬಹುದು. ರಾತ್ರಿಯಿಡೀ ನಡೆಯುವ 60 ಮೈಲಿಯ ಒಂದು ಅಲ್ಟ್ರಾ ಓಟದಲ್ಲಿ, ಅಂದರೆ ಮ್ಯಾರಥಾನಿಗಿಂತ ಉದ್ದದ ಓಟದಲ್ಲಿ, ಒಳಮಾತನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಓಟದ ಸಮಯದಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಮ್ಯಾರಥಾನಿನ 30 ಕಿಲೋಮೀಟರ್ ಆಸುಪಾಸಿನಲ್ಲಿ ಕಾಲುಗಳು ಒಮ್ಮೆಲೇ ನಿಂತುಹೋದಂತಾದರೆ ಅದಕ್ಕೆ ಸ್ನಾಯುಗಳಲ್ಲಿ ಇಂಧನವಾಗಿ ಸಂಗ್ರಹವಾಗಿರುವ ಗ್ಲೈಕೋಜನ್ ಮುಗಿಯುತ್ತ ಬಂದಿರುವುದು ಮುಖ್ಯ ಕಾರಣ, ಮತ್ತು ಅದಕ್ಕೆ ಮದ್ದು ಆರಂಭದಿಂದಲೇ ಗಂಟೆಗೆ 30ರಿಂದ 60 ಗ್ರಾಮ್ ಕಾರ್ಬೋಹೈಡ್ರೇಟ್ ಒಳಗೆ ಹೋಗುವಂತೆ ನೋಡಿಕೊಳ್ಳುವುದು. ಆಗ ಒಳಮಾತಿನ ಕೆಲಸ "ಬಾಳೆಹಣ್ಣು ತಿನ್ನು, ನೀರು ಕುಡಿ" ಎಂದು ಸರಿಯಾದ ಹೊತ್ತಿಗೆ ನೆನಪಿಸುವುದಷ್ಟೇ.

ತಿದ್ದಿದ ಮೇಲೆ ಮರುಪರೀಕ್ಷೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ವಾಕ್ಯ, ವೇಗ, ದಾರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸುಧಾರಣೆ ಯಾವುದರಿಂದ ಬಂತೆಂಬುದು ತಿಳಿಯದು. ಅದೇ ದಾರಿ, ಹತ್ತಿರ ಹತ್ತಿರ ಅದೇ ಹೊತ್ತು, ವಾಚಿನಲ್ಲಿ ಅದೇ ವೇಗ ಇಟ್ಟುಕೊಂಡು, ಹಿಂದೆ ಕುಸಿದಿದ್ದ ಜಾಗದಲ್ಲಿ ಶ್ರಮದ ಅಂಕಿ ಎಷ್ಟಾಯಿತು ಎಂದು ಬರೆಯಿರಿ. 16 ಇದ್ದದ್ದು 15ಕ್ಕೆ ಇಳಿದು ಎರಡು ಮೂರು ವಾರ ಅಲ್ಲೇ ನಿಂತರೆ ಆ ಮಾತನ್ನು ಉಳಿಸಿಕೊಳ್ಳಿ. ಒಂದೇ ದಿನ ಇಳಿದು ಮತ್ತೆ ಏರಿದರೆ ಅದು ಹವೆಯದ್ದೋ ನಿದ್ದೆಯದ್ದೋ ಪರಿಣಾಮವಿರಬಹುದು. ಅಂಕಿ ಇಳಿಯದಿದ್ದರೂ ನಡೆಯದೆ ಪೂರ್ತಿ ಓಡಿದ ದಿನಗಳು ಹೆಚ್ಚಾದರೆ ಅದನ್ನೂ ಸುಧಾರಣೆಯೆಂದೇ ಎಣಿಸಬೇಕು.

ತಿಂಗಳೊಂದು ಕಳೆದರೂ ಯಾವ ಬದಲಾವಣೆಯೂ ಕಾಣದಿದ್ದರೆ ಅನುಭವಿ ತರಬೇತುದಾರರಿಗೆ ನಿಮ್ಮ ದಾಖಲೆಯನ್ನು ತೋರಿಸಿ. ಅವರು ಬಹುಶಃ ಮೊದಲ ತಪಾಸಣೆಯಲ್ಲಿ ತಪ್ಪಿಹೋದ ಏನನ್ನೋ ಗುರುತಿಸುತ್ತಾರೆ. ಆದರೆ "ನನ್ನಿಂದ ಏನೂ ಆಗದು" ಎಂಬ ಮಾತು ಓಟದ ದಾರಿಯಲ್ಲಿ ಮಾತ್ರವಲ್ಲದೆ ಕಚೇರಿಯಲ್ಲೂ ಊಟದ ಹೊತ್ತಿನಲ್ಲೂ ಬರುತ್ತಿದ್ದು, ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ದೆ, ಹಸಿವು, ಇಷ್ಟದ ಕೆಲಸಗಳ ಮೇಲಿನ ಆಸಕ್ತಿ ಕಡಿಮೆಯಾಗಿದ್ದರೆ, ಅದು ಈ ಕೈಪಿಡಿಯ ವ್ಯಾಪ್ತಿಗೆ ಸೇರಿದ್ದಲ್ಲ. ಆಗ ವೈದ್ಯರನ್ನು ಕಾಣಿ, ಅಥವಾ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ ಕರೆಮಾಡಿ. ಅದರ ಸಂಖ್ಯೆ 14416, ಕರೆ ಉಚಿತ, ಮತ್ತು ಕನ್ನಡದಲ್ಲಿಯೇ ಮಾತನಾಡಬಹುದು.